ಕರ್ತನು ಕಲಿಸಿದ ಪ್ರಾರ್ಥನೆಯ ಒಂದು ಸಾಲು ನನ್ನ ಗಂಟಲಲ್ಲಿ ನಿಂತುಹೋಗಿತ್ತು

ಮಾಂಜ್ರಾ ದಂಡೆ (ಭಾಲ್ಕಿ ತಾಲೂಕು, ಬೀದರ್ ಜಿಲ್ಲೆ)

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಬಹಳ ದಿನಗಳಿಂದ ಈ ಚರ್ಚಾ ವೇದಿಕೆಯಲ್ಲಿ ನೀವು ಬರೆಯುವುದನ್ನು ಓದುತ್ತ ಬಂದಿದ್ದೇನೆ, ನಾನಾಗಿ ಬರೆಯುತ್ತಿರುವುದು ಇದೇ ಮೊದಲು. ಕಳೆದ ಭಾನುವಾರ ನಮ್ಮ ಸಭೆಯಲ್ಲಿ ಪಾಸ್ಟರ್ ಅಯ್ಯನವರು, ಪ್ರಾರ್ಥನೆಯು ದೇವರನ್ನು ಬದಲಾಯಿಸುವುದಿಲ್ಲ, ಪ್ರಾರ್ಥಿಸುವವನನ್ನೇ ಬದಲಾಯಿಸುತ್ತದೆ ಎಂಬ ಮಾತಿನ ಮೇಲೆ ಪ್ರಸಂಗ ಮಾಡಿದರು. ಆ ಮಾತು ನಿಜವೆಂದು ನನ್ನ ಬದುಕೇ ಹೇಳುತ್ತದೆ. ಆದರೂ ಕೇಳುತ್ತ ಕೂತಾಗ ಏನೋ ಒಂದು ಬಿಟ್ಟುಹೋಗಿದೆ ಎನ್ನಿಸಿತು. ಅದೇನೆಂದು ನಿಮ್ಮೊಡನೆ ಕೂಡಿ ಯೋಚಿಸಬೇಕೆಂದು ಇಲ್ಲಿಗೆ ಬಂದೆ.

ನಾವು ಇಬ್ಬರು ಅಣ್ಣತಮ್ಮಂದಿರು. ಅಪ್ಪ ತೀರಿಕೊಂಡ ಮೇಲೆ ಹೊಲ ಪಾಲಾಯಿತು. ಪಾಲಾದ ವರ್ಷವೇ ನಡುವಿನ ಬದುವಿನ ಸಲುವಾಗಿ ಮಾತಿಗೆ ಮಾತು ಬೆಳೆಯಿತು, ಸರ್ವೆ ಮಾಡಿಸಿದೆವು, ಅದಕ್ಕೂ ಒಪ್ಪಿಗೆಯಾಗದೆ ಪ್ರಕರಣ ಕೋರ್ಟಿಗೆ ಹೋಯಿತು. ನಾಲ್ಕು ವರ್ಷ ನಾನೂ ಅಣ್ಣನೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಹೋಗುತ್ತಿದ್ದುದು ಒಂದೇ ಸಭೆಗೆ. ಅವನು ಬಾಗಿಲ ಹತ್ತಿರ ಕೂತಿದ್ದಾನೆಂದು ಕಂಡರೆ ನಾನು ಗೋಡೆಯ ಬದಿಯಿಂದ ಹೋಗಿ ಮುಂದೆ ಕೂರುತ್ತಿದ್ದೆ.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಅವ್ವನಿಗೆ ಓದು ಬರುವುದಿಲ್ಲ, ಆದರೆ ಹತ್ತಾರು ಕೀರ್ತನೆಗಳು ಬಾಯಿಪಾಠ ಇವೆ. ಅವಳು ಒಂದು ಕೀರ್ತನೆ ಹೇಳುತ್ತಾಳೆ, ನನ್ನ ಮಗಳು ಒಂದು ಅಧ್ಯಾಯ ಓದುತ್ತಾಳೆ, ಕೊನೆಗೆ ಎಲ್ಲರೂ ಕೂಡಿ, ಕರ್ತನಾದ ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಹೇಳುತ್ತೇವೆ. ಒಂದು ರಾತ್ರಿ ಆಮೆನ್ ಹೇಳಿದ ಮೇಲೆ, ಹೆಂಡತಿ ರೊಟ್ಟಿ ಬಡಿಸಲು ಒಳಗೆ ಹೋಗಿದ್ದಾಗ, ಅವ್ವ ಕಣ್ಣು ತೆರೆಯದೆಯೇ ಹೇಳಿದಳು: “ತಮ್ಮಾ, ಅನುದಿನದ ಆಹಾರದ ತನಕ ನಿನ್ನ ದನಿ ಕೇಳಸ್ತದ. ಅಲ್ಲಿಂದ ಶೋಧನೆ ಬರೋ ತನಕ ಕೇಳಸಲ್ಲ.”

ಹೌದು, ಅನುದಿನದ ಆಹಾರ ಕೊಡು, ಶೋಧನೆಗೆ (ಪಾಪದ ಸೆಳೆತಕ್ಕೆ) ಒಳಪಡಿಸಬೇಡ ಎಂಬ ಆ ಎರಡು ಮಾತುಗಳ ನಡುವೆ ಇರುವುದು ಒಂದೇ ಸಾಲು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಸಾಲು. ಅದನ್ನು ಬಿಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನಾಲಿಗೆ ತಾನಾಗಿ ನಿಂತು, ಆ ಸಾಲು ದಾಟಿದ ಮೇಲೆ ಮತ್ತೆ ಎಲ್ಲರ ದನಿಯೊಂದಿಗೆ ಸೇರಿಕೊಳ್ಳುತ್ತಿತ್ತು. ಆ ರಾತ್ರಿ ರೊಟ್ಟಿ ಗಂಟಲಿಗೆ ಇಳಿಯಲಿಲ್ಲ.

ಅದಾದ ಮೇಲೆ ಅಣ್ಣನ ಹೆಸರು ಹಿಡಿದು ಪ್ರಾರ್ಥಿಸಲು ಆರಂಭಿಸಿದೆ. ಅವನ ಮನಸ್ಸನ್ನು ತಿರುಗಿಸು, ಅವನಿಗೆ ಬುದ್ಧಿ ಕೊಡು, ತೀರ್ಪು ನ್ಯಾಯವಾಗಿ ಬರಲಿ ಎಂದು ಬೇಡಿಕೊಂಡೆ. ಹೆಸರು ಪ್ರಾರ್ಥನೆಯದು, ಒಳಗಿದ್ದುದು ನನ್ನ ವಕೀಲರು ಕೋರ್ಟಿಗೆ ಸಲ್ಲಿಸಿದ ಅರ್ಜಿಯೇ. ದಿನವೂ ಹೇಳಿದೆ. ಆ ವರ್ಷ ಮಳೆ ತಡವಾಯಿತು, ಇಬ್ಬರ ಹೊಲದಲ್ಲೂ ತೊಗರಿ ಬಾಡುತ್ತಿತ್ತು. ಒಂದು ಬೆಳಿಗ್ಗೆ ಬದುವಿನ ಮೇಲೆ ನಿಂತು, ಕರ್ತನೇ ನನ್ನ ಹೊಲಕ್ಕೆ ಮಳೆ ಕೊಡು ಎನ್ನಲು ಬಾಯಿ ತೆರೆದೆ. ಬದುವಿನ ಆ ಕಡೆಗೂ ಕಣ್ಣು ಹೋಯಿತು. ಅವನ ತೊಗರಿಯೂ ನನ್ನ ತೊಗರಿಯಂತೆಯೇ ಎಲೆ ಮುದುರಿಕೊಂಡು ನಿಂತಿತ್ತು. ಮೋಡ ಬಂದರೆ ಬದು ನೋಡಿ ಸುರಿಯುವುದಿಲ್ಲವಲ್ಲ. ಆ ದಿನ ಮೊದಲ ಸಲ ನನ್ನ ಬಾಯಿಂದ “ನಮ್ಮ ಹೊಲ” ಎಂಬ ಮಾತು ಬಂತು, ಆಡಿದ ಮೇಲೆ ನಾನೇ ಬೆಚ್ಚಿದೆ.

ಪ್ರಕರಣ ಇನ್ನೂ ಮುಗಿದಿಲ್ಲ, ಅಣ್ಣನೂ ಬದಲಾದಂತೆ ಕಾಣುವುದಿಲ್ಲ. ಬದಲಾದದ್ದು ನಾನು. ನನ್ನ ಪ್ರಶ್ನೆ ಇಷ್ಟೇ. ನನ್ನನ್ನು ಬದಲಾಯಿಸುವುದೇ ಪ್ರಾರ್ಥನೆಯ ಉದ್ದೇಶವಾದರೆ ನಾನು ಅಣ್ಣನಿಗಾಗಿ ಕೇಳಿಕೊಂಡದ್ದಕ್ಕೆ ಏನಾಯಿತು? ಆ ಬೇಡಿಕೆ ಬರಿಯ ನೆಪವೇ?

ಕರಿಮಣ್ಣು (ಹುಮನಾಬಾದ್, ನಿವೃತ್ತ ಶಿಕ್ಷಕ)

ತಮ್ಮಾ, ನಿಮ್ಮ ತಾಯಿಯವರ ಕಿವಿಗೆ ನನ್ನ ನಮಸ್ಕಾರಗಳು. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯವನ್ನು ತೆರೆದು ನೋಡಿದರೆ ನಿಮಗೆ ಒಂದು ಸಂಗತಿ ಕಾಣುತ್ತದೆ. ಆ ಪ್ರಾರ್ಥನೆಯಲ್ಲಿ ದೇವರ ನಾಮ, ರಾಜ್ಯ, ಚಿತ್ತ, ಆಹಾರ, ಕ್ಷಮೆ, ಶೋಧನೆ ಎಲ್ಲವೂ ಇವೆ. ಆದರೆ ಪ್ರಾರ್ಥನೆ ಮುಗಿದೊಡನೆ ಯೇಸು ಸ್ವಾಮಿ ಮತ್ತೆ ಎತ್ತಿಕೊಂಡು ವಿವರಿಸುವುದು ಕ್ಷಮೆಯ ಸಾಲೊಂದನ್ನೇ. ಶಿಷ್ಯರ ನಾಲಿಗೆ ಎಲ್ಲಿ ನಿಲ್ಲುತ್ತದೆಂದು ಆತನಿಗೆ ತಿಳಿದಿತ್ತು. ನಿಮ್ಮ ನಾಲಿಗೆ ನಿಂತದ್ದೂ ಅಲ್ಲಿಯೇ.

ನೀವು ಕೇಳಿದ ಪ್ರಶ್ನೆ ಹಳೆಯದು. ಪಂಜಾಬಿನಲ್ಲಿ 1889ರಲ್ಲಿ ಹುಟ್ಟಿ, 1929ರಲ್ಲಿ ಟಿಬೆಟ್ಟಿನ ದಾರಿ ಹಿಡಿದು ಹಿಂದಿರುಗಿ ಬಾರದ ಸಾಧು ಸುಂದರ್ ಸಿಂಗ್ ಇದಕ್ಕೆ ಹಕ್ಕಿಯ ಉಪಮೆ ಕೊಟ್ಟಿದ್ದಾರೆ. ತಾಯಿಹಕ್ಕಿ ಕಾವಿಗೆ ಕೂತಾಗ ಮೊಟ್ಟೆಯೊಳಗೆ ಇರುವುದು ಆಕಾರವಿಲ್ಲದ ದ್ರವ ಮಾತ್ರ. ಕಾವು ಕೊಡುತ್ತ ಹೋದಂತೆ ಆ ದ್ರವ ತಾಯಿಯ ರೂಪ ತಾಳುತ್ತದೆ. ಬದಲಾಗುವುದು ಮೊಟ್ಟೆ, ತಾಯಿಯಲ್ಲ. ಪ್ರಾರ್ಥನೆಯಲ್ಲಿ ನಾವು ದೇವರ ಕಾವಿನ ಕೆಳಗೆ ಕೂರುತ್ತೇವೆ ಎಂಬುದು ಅವರ ಭಾವ. ನಾನು ಹಳ್ಳಿಯ ಶಾಲೆಯಲ್ಲಿದ್ದಾಗ ಮನೆಯಲ್ಲಿ ಕೋಳಿ ಸಾಕುತ್ತಿದ್ದೆವು. ಕಾವಿಗೆ ಕೂತ ಹೇಂಟೆ ಇಪ್ಪತ್ತೊಂದು ದಿನ ಕಾಳು ನೀರಿಗೆ ಸ್ವಲ್ಪ ಹೊತ್ತು ಎದ್ದರೆ ಎದ್ದಿತು, ಇಲ್ಲವಾದರೆ ಕದಲುತ್ತಿರಲಿಲ್ಲ. ನಡುವೆ ಎಬ್ಬಿಸಿ ಮೊಟ್ಟೆ ತಣ್ಣಗಾಗಲು ಬಿಟ್ಟರೆ ಮರಿ ಏಳುವುದಿಲ್ಲ. ನಾಲ್ಕು ದಿನ ಪ್ರಾರ್ಥಿಸಿ ಐದನೆಯ ದಿನ ಬಿಟ್ಟುಬಿಡುವ ನಮ್ಮ ಅಭ್ಯಾಸಕ್ಕೆ ಆ ಉಪಮೆ ನೇರವಾಗಿ ತಾಗುತ್ತದೆ.

ಇನ್ನು ಬೇಡಿಕೆ ನೆಪವೇ ಎಂಬ ಮಾತು. ಆಫ್ರಿಕದ ಉತ್ತರ ಕರಾವಳಿಯಲ್ಲಿ ಬಿಷಪರಾಗಿದ್ದ ಅಗಸ್ಟೀನರು ಸುಮಾರು ಕ್ರಿ.ಶ. 412ರಲ್ಲಿ ಪ್ರೋಬಾ ಎಂಬ ವಿಧವೆಗೆ ಪ್ರಾರ್ಥನೆಯ ಕುರಿತು ದೀರ್ಘ ಪತ್ರ ಬರೆದರು. ರೋಮ್ ನಗರ 410ರಲ್ಲಿ ಕೊಳ್ಳೆಹೋದ ಮೇಲೆ ಸಮುದ್ರ ದಾಟಿ ಬಂದಿದ್ದ ಶ್ರೀಮಂತ ಮನೆತನದ ಹೆಣ್ಣುಮಗಳು ಆಕೆ. ನಮಗೇನು ಬೇಕೆಂದು ದೇವರಿಗೆ ಮೊದಲೇ ಗೊತ್ತಿರುವಾಗ ಕೇಳುವುದೇಕೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಎತ್ತಿಕೊಳ್ಳುತ್ತಾರೆ. ಕೇಳುತ್ತ ಕೇಳುತ್ತ ನಮ್ಮ ಹಂಬಲ ಬೆಳೆಯುತ್ತದೆ, ದೇವರು ಕೊಡಲು ಸಿದ್ಧಪಡಿಸುತ್ತಿರುವುದು ಬಹಳ ದೊಡ್ಡದು, ಅದನ್ನು ಹಿಡಿಸಿಕೊಳ್ಳಲು ನಾವು ಚಿಕ್ಕವರು, ಆದ್ದರಿಂದ ಕೇಳುವಿಕೆಯೇ ನಮ್ಮನ್ನು ಹಿಗ್ಗಿಸುತ್ತದೆ ಎಂಬುದು ಅವರ ಉತ್ತರದ ಸಾರ. ಹಾಗಾದರೆ ಬೇಡಿಕೆಗೂ ಬದಲಾವಣೆಗೂ ಜಗಳವಿಲ್ಲ. ಪ್ರಾಮಾಣಿಕವಾಗಿ ಕೇಳಿಕೊಂಡವನು ಮಾತ್ರ ಬದಲಾಗುತ್ತಾನೆ.

ರಾತ್ರಿ ಪಾಳಿ (ಕಲಬುರಗಿ, ಶುಶ್ರೂಷಕಿ)

ಮಾಸ್ತರರೇ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಆದರೆ ಅದನ್ನು ಯಾರ ಮುಂದೆ, ಯಾವ ಹೊತ್ತಿನಲ್ಲಿ ಹೇಳುತ್ತೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ನಾನು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಯಾದಗಿರಿ, ಸೇಡಂ, ಆಳಂದ ಎಲ್ಲ ಕಡೆಯಿಂದ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ರಾತ್ರಿ ಎರಡು ಗಂಟೆಗೆ ಮಗುವಿನ ಪಾದ ಹಿಡಿದುಕೊಂಡು ಪ್ರಾರ್ಥಿಸುತ್ತಿರುವ ತಾಯಿಗೆ, ಅಮ್ಮಾ ಈ ಪ್ರಾರ್ಥನೆಯಿಂದ ನೀನು ಬದಲಾಗುತ್ತೀ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಆಕೆ ತಾನು ಬದಲಾಗಬೇಕೆಂದು ಕೇಳುತ್ತಿಲ್ಲ. ಮಗು ಉಳಿಯಬೇಕೆಂದು ಕೇಳುತ್ತಿದ್ದಾಳೆ.

ನನ್ನ ಯಜಮಾನರ ಮೂತ್ರಪಿಂಡಗಳು ಕೆಟ್ಟು, ಎರಡು ವರ್ಷ ಡಯಾಲಿಸಿಸ್ ಆಯಿತು. ನಾನು ಪ್ರಾರ್ಥಿಸಿದೆ, ಉಪವಾಸ ಮಾಡಿದೆ, ಪ್ರಾರ್ಥನಾ ಕೂಟದವರು ಮನೆಗೆ ಬಂದು ಕೈಯಿಟ್ಟು ಪ್ರಾರ್ಥಿಸಿದರು. ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ವಾರದಲ್ಲಿಯೇ ಒಬ್ಬರು, ಸಿಸ್ಟರ್ ನಿಮ್ಮ ವಿಶ್ವಾಸ ಸಾಲದಾಯಿತೇನೋ ಎಂದರು. ಇನ್ನೊಬ್ಬರು, ದೇವರು ಇದರ ಮೂಲಕ ನಿಮ್ಮನ್ನು ಗಟ್ಟಿ ಮಾಡುತ್ತಿದ್ದಾನೆ ಎಂದರು. ಮೊದಲನೆಯವರ ಮಾತಿಗಿಂತ ಎರಡನೆಯವರ ಮಾತೇ ನನ್ನನ್ನು ಹೆಚ್ಚು ನೋಯಿಸಿತು. ನನ್ನನ್ನು ಗಟ್ಟಿ ಮಾಡುವ ಸಲುವಾಗಿ ಅವರು ಸಾಯಬೇಕಾಗಿತ್ತೇ?

ಸತ್ಯವೇದದಲ್ಲಿ (ಬೈಬಲಿನಲ್ಲಿ) ಮಕ್ಕಳಿಲ್ಲದ ಹನ್ನಳನ್ನು ನೋಡಿ. ಆಕೆ ಕೇಳಿದ್ದು ಗಂಡುಮಗುವನ್ನು. ತುಟಿ ಮಾತ್ರ ಅಲುಗುತ್ತಿದ್ದವು, ದನಿ ಕೇಳಿಸುತ್ತಿರಲಿಲ್ಲ, ಯಾಜಕ ಏಲಿ ಆಕೆ ಕುಡಿದಿದ್ದಾಳೆಂದು ಎಣಿಸಿದ. ಪ್ರಾರ್ಥಿಸಿ ಎದ್ದು ಹೋಗಿ ಊಟ ಮಾಡಿದಳು, ಆಮೇಲೆ ಆಕೆಯ ಮುಖದಲ್ಲಿ ದುಃಖವಿರಲಿಲ್ಲ ಎಂದು ಬರೆದಿದೆ. ಮಗ ಸಮುವೇಲನು ಗರ್ಭದಲ್ಲಿ ಬರುವುದಕ್ಕೂ ಮುಂಚಿನ ಮಾತದು. ಮುಖ ಬದಲಾದದ್ದು ನಿಜವೇ. ಆದರೆ ಆಕೆ ದೇವಾಲಯಕ್ಕೆ ಹೋದದ್ದು ಮುಖ ಬದಲಾಯಿಸಿಕೊಳ್ಳಲು ಅಲ್ಲ. ಶಿಲುಬೆಗೇರುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನು ಸಹ ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿಕೊಂಡನು. ನಿನ್ನ ಚಿತ್ತದಂತಾಗಲಿ ಎಂಬ ಮಾತು ಆ ಬೇಡಿಕೆಯ ಜೊತೆಯಲ್ಲಿಯೇ ಬಂತು. ನಾವು ಮೊದಲ ಅರ್ಧವನ್ನು ಬಿಟ್ಟು ಎರಡನೆಯದನ್ನು ಮಾತ್ರ ನೊಂದವರಿಗೆ ಕಲಿಸುತ್ತೇವೆ, ಅದೇ ನನ್ನ ದೂರು.

88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಬೇರೆ ಅನೇಕ ಗೋಳಿನ ಕೀರ್ತನೆಗಳ ಕೊನೆಗೆ ಸ್ತೋತ್ರದ ಒಂದು ಮಾತಾದರೂ ಬರುತ್ತದೆ, ಅದರಲ್ಲಿ ಅದೂ ಇಲ್ಲ. ಅವರು ಹೋದ ಮೇಲೆ ಐದಾರು ತಿಂಗಳು ನನಗೆ ಓದಲು ಆದದ್ದು ಅದೊಂದೇ.

ಗುರುಮಠಕಲ್ ಹುಡುಗ (ಯಾದಗಿರಿ ಜಿಲ್ಲೆ, ಈಗ ಕೆಲಸದ ಮೇಲೆ ಪುಣೆಯಲ್ಲಿ)

ದೊಡ್ಡವರ ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. ನಾನು ಕಟ್ಟಡದ ಕೆಲಸಕ್ಕೆ ಬಂದು ಮೂರು ವರ್ಷವಾಯಿತು. ಶೆಡ್ಡಿನಲ್ಲಿ ಎಲ್ಲರೂ ಮಲಗಿದ ಮೇಲೆ ಪ್ರಾರ್ಥಿಸುತ್ತೇನೆ. ನನ್ನ ಸಿಟ್ಟು ಹೋಗಲಿ ಎಂದು ಕೇಳುತ್ತೇನೆ. ಮರುದಿನ ಮೇಸ್ತ್ರಿ ಒಂದು ಮಾತೆಂದರೆ ಸಿಟ್ಟು ಮೊದಲಿನಂತೆಯೇ ಬರುತ್ತದೆ. ನೀವೆಲ್ಲ ಬದಲಾದೆವು ಎನ್ನುತ್ತೀರಿ. ಬದಲಾವಣೆ ಆಗುತ್ತಿದೆ ಎಂದು ತಿಳಿಯುವುದು ಹೇಗೆ? ನನ್ನಲ್ಲಿ ಆಗುತ್ತಿಲ್ಲವೆಂದರೆ ನನ್ನ ಪ್ರಾರ್ಥನೆ ಸರಿಯಿಲ್ಲವೆಂದೇ?

ಆಳಂದ ರಸ್ತೆ (ಕಲಬುರಗಿ)

ನಾವು ಕಥೋಲಿಕರು. 2005ರಲ್ಲಿ ಗುಲ್ಬರ್ಗಾ ಒಂದು ಧರ್ಮಪ್ರಾಂತ್ಯ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಆದ ಕಾಲದಲ್ಲಿ ನಾನು ಕಾಲೇಜಿನಲ್ಲಿದ್ದೆ. ಆಗಿನಿಂದ ಜಪಸರ ಮಾಡುವ, ಅಂದರೆ ಮಣಿ ಎಣಿಸುತ್ತ ಪ್ರಾರ್ಥಿಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಹೇಳಿದ್ದನ್ನೇ ಹೇಳಿದರೆ ಏನು ಪ್ರಯೋಜನ ಎಂದು ನನ್ನ ಮೆಥೋಡಿಸ್ಟ್ ಗೆಳೆಯರು ಕೇಳುವುದುಂಟು. ಮತ್ತಾಯನ 26ನೆಯ ಅಧ್ಯಾಯದಲ್ಲಿ, ಗೆತ್ಸೇಮನೆಯಲ್ಲಿ ಕರ್ತನು ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದನೆಂದು ಬರೆದಿದೆ. ಬಾಯಿಮಾತಿನ ಹರಟೆ ಬೇರೆ, ಅದೇ ನೋವನ್ನು ಅದೇ ಮಾತಿನಲ್ಲಿ ಮತ್ತೆ ತಂದಿಡುವುದು ಬೇರೆ.

ತಮ್ಮಾ, ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಸಾಲು ಇರುತ್ತವೆ. ಮನಸ್ಸು ಎಷ್ಟು ಸಲ ಓಡಿಹೋಗುತ್ತದೋ ಲೆಕ್ಕವಿಲ್ಲ. ಮಣಿ ಬೆರಳಿಗೆ ತಾಗಿದಾಗ ಮತ್ತೆ ಬರುತ್ತದೆ. ಓಡಿಹೋಗುವುದು ನಿಲ್ಲಲಿಲ್ಲ, ಹಿಂದಿರುಗಿ ಬರುವುದು ಬೇಗ ಆಯಿತು. ಇಪ್ಪತ್ತು ವರ್ಷದಲ್ಲಿ ನನಗೆ ಆದದ್ದು ಇಷ್ಟೇ, ಇದನ್ನು ಸಣ್ಣದೆಂದು ನಾನು ಎಣಿಸುವುದಿಲ್ಲ. ನಿನ್ನ ಸಿಟ್ಟು ಬರುತ್ತದೆಯೋ ಇಲ್ಲವೋ ಎಂದು ನೋಡಬೇಡ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡು.

ಇನ್ನೊಂದು ಮಾತು. ನಾವು ಪರಲೋಕ ಮಂತ್ರವೆನ್ನುವ, ನೀವು ಕರ್ತನು ಕಲಿಸಿದ ಪ್ರಾರ್ಥನೆ ಎನ್ನುವ ಆ ಮಾತುಗಳಲ್ಲಿ ಎಲ್ಲಿಯೂ “ನಾನು”, “ನನ್ನ” ಇಲ್ಲ, ಎಲ್ಲವೂ “ನಮ್ಮ”. ಬದುವಿನ ಮೇಲೆ ನಿಂತ ಭಾಲ್ಕಿಯ ಅಣ್ಣನವರ ಬಾಯಿಂದ “ನಮ್ಮ ಹೊಲ” ಎಂದು ಬಂದದ್ದು ಸುಮ್ಮನೆ ಬಂದ ಮಾತಲ್ಲವೆಂದು ನನಗೆ ತೋರುತ್ತದೆ. ಅಷ್ಟು ವರ್ಷ ದಿನವೂ ಹೇಳಿದ ಮಾತೇ ಅಂದು ಹೊರಗೆ ಬಂತು.

ಭೀಮಾ ತೀರ (ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ, ಸಭೆಯ ಹಿರಿಯ)

ನಾನು ಸ್ವಲ್ಪ ಕಠಿಣವಾದ ಮಾತನ್ನು ಹೇಳಬೇಕಾಗಿದೆ. ಪ್ರಾರ್ಥನೆ ಮನುಷ್ಯನನ್ನು ಬದಲಾಯಿಸುತ್ತದೆ ಎಂದಾಗ ನಾವು ಸಾಮಾನ್ಯವಾಗಿ ಸಮಾಧಾನ, ತಾಳ್ಮೆ, ಸಂತೋಷ ಇವುಗಳನ್ನು ನೆನೆಯುತ್ತೇವೆ. ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನಿಗೆ ಆದ ಬದಲಾವಣೆ ಆ ಬಗೆಯದಲ್ಲ.

ಪೇತ್ರನು ಯೊಪ್ಪದಲ್ಲಿ ಮಧ್ಯಾಹ್ನದ ಹೊತ್ತು ಮಾಳಿಗೆ ಹತ್ತಿ ಪ್ರಾರ್ಥನೆಗೆ ಕೂತಿದ್ದಾನೆ, ಹಸಿವಾಗಿದೆ, ಕೆಳಗೆ ಅಡಿಗೆ ನಡೆದಿದೆ. ಅದು ಯಾರ ಮಾಳಿಗೆ? ಚರ್ಮ ಹದಮಾಡುವ ಸೀಮೋನನ ಮನೆಯ ಮಾಳಿಗೆ. ಸತ್ತ ದನದ ತೊಗಲು ಮುಟ್ಟುವ ಆ ಕಸುಬನ್ನು ಯೆಹೂದ್ಯರು ಕೀಳೆಂದು ನೋಡುತ್ತಿದ್ದರು. ನಮ್ಮ ಮುತ್ಯಾ ತೊಗಲಿನ ಕೆಲಸ ಮಾಡಿದವರು. ಅವರು ದೀಕ್ಷಾಸ್ನಾನ ಪಡೆದ ದಿನದ ಕುರಿತು ಅಪ್ಪ ಹೇಳುತ್ತಿದ್ದರು. ಪಾದ್ರಿಯವರು ಮನೆಗೆ ಬಂದು, ಒಳಗೆ ಕೂತು, ನಮ್ಮ ತಂಬಿಗೆಯಿಂದ ನೀರು ಕುಡಿದರಂತೆ. ಮುತ್ಯಾ ಸಾಯುವ ತನಕ ಬೋಧೆಯ ಯಾವ ಮಾತನ್ನೂ ಅಷ್ಟು ನೆನೆಯಲಿಲ್ಲ, ಆ ನೀರನ್ನು ನೆನೆದರು. ಈ ಅಧ್ಯಾಯ ಓದುವಾಗ ನನಗೆ ಸೀಮೋನನ ಅಂಗಳದ ತೊಗಲಿನ ವಾಸನೆ ಬರುತ್ತದೆ.

ಅಲ್ಲಿ ಪೇತ್ರನಿಗೆ ದರ್ಶನವಾಗುತ್ತದೆ. ನಾಲ್ಕು ಮೂಲೆ ಹಿಡಿದು ಇಳಿಬಿಟ್ಟ ಜೋಳಿಗೆಯಂಥ ಬಟ್ಟೆ, ಅದರೊಳಗೆ ಯೆಹೂದ್ಯರ ನೇಮದಂತೆ ಅವನು ಮುಟ್ಟದ ಪ್ರಾಣಿಗಳು, ತಿನ್ನು ಎಂಬ ಮಾತು. ಅವನು ಬೇಡವೇ ಬೇಡ ಎನ್ನುತ್ತಾನೆ. ದೇವರು ಶುದ್ಧಮಾಡಿದ್ದನ್ನು ಅಶುದ್ಧವೆನ್ನಬೇಡ ಎಂಬ ಉತ್ತರ ಬರುತ್ತದೆ. ಮೂರು ಸಲ ಹೀಗಾಯಿತು. ಅವನು ಇದರ ಅರ್ಥವೇನೆಂದು ಯೋಚಿಸುತ್ತಿರುವಾಗಲೇ ರೋಮನ್ ಶತಾಧಿಪತಿ ಕೊರ್ನೇಲ್ಯನು ಕಳಿಸಿದ ಆಳುಗಳು ಕೆಳಗೆ ಬಾಗಿಲಲ್ಲಿ ನಿಂತಿದ್ದಾರೆ. ಪ್ರಾರ್ಥನೆಯ ಉತ್ತರ ಮೆಟ್ಟಿಲ ಕೆಳಗೆ ಕಾಯುತ್ತಿತ್ತು, ಪೇತ್ರನು ಇಳಿದು ಹೋಗಿ ಅವರನ್ನು ಒಳಗೆ ಕರೆದು ಇಳಿಸಿಕೊಳ್ಳಬೇಕಾಯಿತು. ಮರುದಿನ ಅವರೊಡನೆ ಹೊರಟು, ಯೆಹೂದ್ಯನಾದ ಅವನು ಎಂದೂ ಕಾಲಿಡದಂಥ ಅನ್ಯಜನರ (ಯೆಹೂದ್ಯರಲ್ಲದವರ) ಮನೆಯೊಳಗೆ ಕೈಸರೈಯದಲ್ಲಿ ಕಾಲಿಟ್ಟನು. ಅವನು ಕೇಳಿಕೊಂಡದ್ದು ಏನೆಂದು ಅಲ್ಲಿ ಬರೆದಿಲ್ಲ. ಇದನ್ನಂತೂ ಕೇಳಿಕೊಂಡಿರಲಿಕ್ಕಿಲ್ಲ.

ಈಗ ನಮ್ಮ ಮಾತಿಗೆ ಬರುತ್ತೇನೆ. ನಾನು ಬಲ್ಲ ಒಂದು ಸಭೆಯಲ್ಲಿ ಎರಡು ಕೇರಿಯ ಜನ ಸೇರುತ್ತಾರೆ. ಒಂದೇ ಹಾಡು, ಒಂದೇ ಪ್ರಾರ್ಥನೆ, ಪ್ರಭುಭೋಜನದಲ್ಲಿ ಒಂದೇ ರೊಟ್ಟಿ, ಒಂದೇ ಪಾತ್ರೆ. ಹೊರಗೆ ಬಂದ ಮೇಲೆ ಒಂದು ಕೇರಿಯವರು ಇನ್ನೊಂದು ಕೇರಿಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಮೂರು ತಲೆಮಾರು ಹೀಗೆಯೇ ಪ್ರಾರ್ಥಿಸಿದ್ದೇವೆ. ಹೊರಗಿನವರು ನಮಗೆ ಮಾಡಿದ್ದನ್ನು ಮರೆಯದ ನಾವು, ನಾವೇ ಒಬ್ಬರಿಗೊಬ್ಬರು ಮಾಡುವುದನ್ನು ಕಾಣುವುದಿಲ್ಲ. ನನ್ನ ಮಗಳ ಸಂಬಂಧ ನೋಡುವಾಗ ನಾನೂ ಆ ಕೇರಿಯ ಹುಡುಗನ ಹೆಸರನ್ನು ಬದಿಗೆ ಸರಿಸಿದವನೇ. ಆ ವಾರವೂ ಸಭೆಯಲ್ಲಿ ಮುಂದೆ ನಿಂತು ಪ್ರಾರ್ಥನೆ ನಡೆಸಿದೆ. ಆದ್ದರಿಂದ, ಪ್ರಾರ್ಥನೆ ತಾನಾಗಿಯೇ ಬದಲಾಯಿಸುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಮೆಟ್ಟಿಲಿಳಿದು ಬಾಗಿಲು ತೆರೆಯದಿದ್ದರೆ ಪೇತ್ರನು ದರ್ಶನ ಕಂಡೂ ಹಾಗೆಯೇ ಉಳಿಯುತ್ತಿದ್ದನು.

ಬಾಗಿಲು ತೆರೆದವನೂ ಮುಂದೆ ಜಾರಿದ್ದಾನೆ. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಊಟ ಮಾಡುತ್ತಿದ್ದ ಪೇತ್ರನು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹೆದರಿ ಆ ಪಂಕ್ತಿಯಿಂದ ಎದ್ದುಬಿಟ್ಟನು, ಅಪೊಸ್ತಲ ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಬೇಕಾಯಿತು ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಒಮ್ಮೆ ಬದಲಾದೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಕರಿಮಣ್ಣು (ಹುಮನಾಬಾದ್)

ಹಿರಿಯರ ಮಾತನ್ನು ಎರಡು ಸಲ ಓದಿದೆ. ಮಗಳ ಸಂಬಂಧದ ಮಾತನ್ನು ಹೀಗೆ ಎಲ್ಲರ ಮುಂದೆ ಹೇಳಲು ಬೇಕಾದ ಎದೆ ನನಗಿಲ್ಲ, ಆ ತಪ್ಪು ನಮ್ಮ ಮನೆಯಲ್ಲೂ ಆಗಿದೆ.

ಸಿಸ್ಟರ್, ನಿಮ್ಮ ಮಾತಿಗೆ ನಾನು ತಲೆಬಾಗುತ್ತೇನೆ. ಆಗಿಹೋದ ಮೇಲೆ ತಿರುಗಿ ನೋಡಿ ಹೇಳಬಹುದಾದ ಮಾತನ್ನು, ನೋವಿನ ನಡುವೆ ಇರುವವರ ಮೇಲೆ ಹೊರಿಸಬಾರದು. ಪೌಲನೂ ತನ್ನ ಶರೀರದ ಮುಳ್ಳಿನ (ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯ) ಕುರಿತು ಮೂರು ಸಲ ಬೇಡಿಕೊಂಡನು. ನನ್ನ ಕೃಪೆಯೇ ನಿನಗೆ ಸಾಕು ಎಂಬ ಮಾತನ್ನು ಅವನಿಗೆ ಕರ್ತನು ಹೇಳಿದನು, ಪಕ್ಕದ ಮನೆಯವರು ಹೇಳಲಿಲ್ಲ.

ಗುರುಮಠಕಲ್‌ನ ತಮ್ಮಾ, ಬದಲಾವಣೆ ತಿಳಿಯುವುದು ಹೇಗೆಂದು ಕೇಳಿದೆ. ಮೋಶೆಯು ದೇವರೊಡನೆ ಮಾತಾಡಿ ಸೀನಾಯಿ ಬೆಟ್ಟದಿಂದ ಇಳಿದು ಬಂದಾಗ ಅವನ ಮುಖ ಹೊಳೆಯುತ್ತಿತ್ತು. ಅದು ಅವನಿಗೇ ತಿಳಿದಿರಲಿಲ್ಲ, ಆರೋನನೂ ಜನರೂ ಕಂಡರು ಎಂದು ವಿಮೋಚನಕಾಂಡದ 34ನೆಯ ಅಧ್ಯಾಯ ಹೇಳುತ್ತದೆ. ನಿನ್ನ ಮುಖ ನಿನಗೆ ಕಾಣುವುದಿಲ್ಲ. ಈ ಕಾರಣಕ್ಕಾಗಿಯೇ ಒಬ್ಬಂಟಿಯಾಗಿ ಪ್ರಾರ್ಥಿಸುವವನಿಗೆ ಜೊತೆ ಬೇಕು. 1742ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ, ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಕೂಡಿಸಬೇಕೆಂದು ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ಸಂಗಡಿಗರು ಜನರನ್ನು ಹನ್ನೆರಡು ಹನ್ನೆರಡರ ಗುಂಪು ಮಾಡಿದರು. ಹಣ ಕೇಳಲು ಮನೆಮನೆಗೆ ಹೋದವರಿಗೆ ಜನರ ನಿಜವಾದ ಸ್ಥಿತಿ ತಿಳಿಯತೊಡಗಿತು. ಮುಂದೆ ಆ ಗುಂಪುಗಳೇ ವಾರಕ್ಕೊಮ್ಮೆ ಕೂತು, ನಿನ್ನ ಆತ್ಮ ಹೇಗಿದೆ ಎಂದು ಒಬ್ಬರನ್ನೊಬ್ಬರು ಕೇಳುವ ಕೂಟಗಳಾದವು. ಪುಣೆಯಲ್ಲಿ ನಮ್ಮ ಕಡೆಯಿಂದ ಹೋದವರು ಬಹಳ ಜನ ಇದ್ದಾರೆ. ಇಬ್ಬರು ಸಿಕ್ಕರೂ ಸಾಕು, ಶೆಡ್ಡಿನಲ್ಲಿ ಕೂತು ಕೇಳಿಕೊಳ್ಳಿರಿ.

ರಾತ್ರಿ ಪಾಳಿ (ಕಲಬುರಗಿ)

ನಿನ್ನೆ ಪಾಳಿ ಮುಗಿಸಿ ಬಂದು ಇದನ್ನೆಲ್ಲ ಓದಿದೆ. ಮೊದಲು ಬರೆದಾಗ ನಾನು ಒಂದು ಸಂಗತಿಯನ್ನು ಹೇಳಲಿಲ್ಲ, ಆ ಹುಡುಗನ ಸಲುವಾಗಿ ಈಗ ಹೇಳುತ್ತೇನೆ.

ಯಜಮಾನರು ಹೋದ ಮೇಲೆ ನನಗಾಗಿ ಪ್ರಾರ್ಥಿಸಲು ಬಾಯಿ ಬರುತ್ತಿರಲಿಲ್ಲ. ಪಾಳಿಗೆ ಹೋದೊಡನೆ ವಾರ್ಡಿನ ಪಟ್ಟಿಯಲ್ಲಿರುವ ಮಕ್ಕಳ ಹೆಸರುಗಳನ್ನು ಮಾತ್ರ ಮನಸ್ಸಿನಲ್ಲಿ ಒಂದೊಂದಾಗಿ ಹೇಳುತ್ತಿದ್ದೆ. ಬೇರೆ ಮಾತಿಲ್ಲ, ಬರಿ ಹೆಸರು. ಹಿಂದೂ ಮಕ್ಕಳು, ಮುಸಲ್ಮಾನರ ಮಕ್ಕಳು, ನಮ್ಮವರು, ಯಾರಿದ್ದರೆ ಅವರು. ಹೀಗೆ ಒಂದು ವರ್ಷವಾಗಿರಬೇಕು. ಸಣ್ಣ ಮಕ್ಕಳಿಗೆ ಸಲೈನ್ ಹಚ್ಚುವುದು ಕಷ್ಟ. ನರ ಕೂದಲಿನಷ್ಟು ತೆಳ್ಳಗೆ, ಮಗು ಕೈ ಕೊಸರುತ್ತದೆ, ತಾಯಿ ಅಳುತ್ತಾಳೆ. ಎರಡು ಸಲ ತಪ್ಪಿದರೆ ಮೊದಲೆಲ್ಲ ನನ್ನ ಕೈ ಬಿಗಿಯಾಗುತ್ತಿತ್ತು, ಮಗುವಿನ ಮಣಿಕಟ್ಟನ್ನು ಒತ್ತಿ ಹಿಡಿಯುತ್ತಿದ್ದೆ, ತಾಯಿಯನ್ನು ಗದರುತ್ತಿದ್ದೆ. ಒಂದು ರಾತ್ರಿ ಜೊತೆಯ ಸಿಸ್ಟರ್, ನೀವು ಈಗ ಚುಚ್ಚುವ ಮುಂಚೆ ಮಗುವಿನ ಅಂಗೈಯನ್ನು ನಿಮ್ಮ ಅಂಗೈಯಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತೀರಿ, ಮೊದಲು ಹಾಗೆ ಮಾಡುತ್ತಿರಲಿಲ್ಲ ಎಂದಳು. ನಾನು ಹಾಗೆ ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಬೆಚ್ಚಗಾದ ಕೈಯಲ್ಲಿ ನರ ಸುಲಭವಾಗಿ ಸಿಗುತ್ತದೆಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು, ಅದನ್ನು ಮಾಡುವ ತಾಳ್ಮೆ ಇರಲಿಲ್ಲ.

ಇದರಿಂದ ಯಜಮಾನರು ಹೋದದ್ದಕ್ಕೆ ಅರ್ಥ ಸಿಕ್ಕಿತು ಎಂದು ನಾನು ಹೇಳುವುದಿಲ್ಲ, ಯಾರೂ ಹಾಗೆ ಹೇಳಬೇಡಿರಿ. ಅದೇ ಬೇರೆ, ಇದೇ ಬೇರೆ. ಅವರಿಗಾಗಿ ಬೇಡಿದ್ದಕ್ಕೆ ಉತ್ತರವನ್ನು ನಾನು ದೇವರ ಮುಂದೆ ನಿಂತಾಗ ಕೇಳುತ್ತೇನೆ.

ಮಾಂಜ್ರಾ ದಂಡೆ (ಭಾಲ್ಕಿ ತಾಲೂಕು)

ಅಕ್ಕನವರೇ, ನನಗೆ ಬಿಟ್ಟುಹೋಗಿದೆ ಎನ್ನಿಸಿದ್ದು ಏನೆಂದು ನಿಮ್ಮ ಮೊದಲ ಬರಹದಿಂದ ತಿಳಿಯಿತು. ಪ್ರಸಂಗ ಕೇಳುವಾಗ, ಪ್ರಾರ್ಥನೆ ಕನ್ನಡಿಯ ಮುಂದೆ ಕೂತಂತೆ, ಅಲ್ಲಿ ನಾನು ಮಾತ್ರ ಇದ್ದೇನೆ ಎಂಬಂತೆ ಕೇಳಿಸಿತ್ತು. ಹಾಗಲ್ಲ. ಕೇಳುವವನೊಬ್ಬನಿದ್ದನು, ಅದಕ್ಕಾಗಿಯೇ ಅಣ್ಣನ ಕುರಿತು ಸುಳ್ಳು ಹೇಳಲು ಆಗುತ್ತಿರಲಿಲ್ಲ. ವಕೀಲರ ಮುಂದೆ ಹೇಳಿದ್ದನ್ನೇ ಆತನ ಮುಂದೆ ಹೇಳಿದಾಗ, ಅರ್ಧಕ್ಕೆ ಬಂದೊಡನೆ ನನಗೇ ನಾಚಿಕೆಯಾಗುತ್ತಿತ್ತು. ಯೋಬನು ತನ್ನನ್ನು ನೋಯಿಸಿದ ಗೆಳೆಯರಿಗಾಗಿ ಪ್ರಾರ್ಥಿಸಿದಾಗ ಕರ್ತನು ಅವನ ದುರವಸ್ಥೆಯನ್ನು ನೀಗಿಸಿದನು ಎಂದು ಸತ್ಯವೇದದ ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿದೆ. ಮೊದಲು ಆ ಮಾತನ್ನು ಕೂಲಿಯ ಹಾಗೆ ಓದಿದ್ದೆ, ಅವರಿಗಾಗಿ ಪ್ರಾರ್ಥಿಸಿದ್ದಕ್ಕೆ ಇಷ್ಟು ದನ, ಇಷ್ಟು ಒಂಟೆ ಎಂದು. ಆ ಪ್ರಾರ್ಥನೆ ಮಾಡಲು ಆದದ್ದೇ ಅವನ ಬಿಡುಗಡೆಯ ಆರಂಭವೆಂದು ಈಗ ತೋರುತ್ತದೆ.

ಹಿರಿಯರು ಮೆಟ್ಟಿಲಿಳಿಯಬೇಕೆಂದು ಬರೆದದ್ದನ್ನು ಓದಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಕೋರ್ಟಿನ ತಾರೀಖು ಇತ್ತು. ಪ್ರತಿ ಸಲ ಅವನು ಬೇವಿನ ಮರದ ಕೆಳಗೆ ಕೂರುತ್ತಾನೆ, ನಾನು ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುತ್ತೇನೆ. ಈ ಸಲ ಹೋಗಿ ಅವನ ಬದಿಗೆ ಕೂತೆ. ರಾಜಿಯ ಮಾತಾಡೋಣವೇ ಎಂದು ಕೇಳಿದೆ. ಅವನು ಬಹಳ ಹೊತ್ತು ನನ್ನ ಕಡೆ ನೋಡಲಿಲ್ಲ, ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಹೆಸರು ಕರೆದಾಗ ಎದ್ದು ನಿಂತು, “ಅವ್ವನ ಮೊಣಕಾಲು ಹೆಂಗದ?” ಎಂದು ಕೇಳಿದ. ಮುಂದಿನ ತಿಂಗಳಿಗೆ ತಾರೀಖು ಕೊಟ್ಟಿದ್ದಾರೆ.

ರಾತ್ರಿ ಅದನ್ನು ಅವ್ವನಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಪ್ರಾರ್ಥನೆಯಲ್ಲಿ ಮನೆಯವರ ಹೆಸರುಗಳನ್ನು ಹೇಳುವಾಗ, ನನ್ನ ಮಕ್ಕಳ ಹೆಸರಾದ ಮೇಲೆ ನಿಲ್ಲದೆ, ಅಣ್ಣನ ಹೆಸರು, ವೈನಿಯ ಹೆಸರು, ಅವರ ಮೂರು ಮಕ್ಕಳ ಹೆಸರು, ಹಿಂದಿನ ವರ್ಷ ಹುಟ್ಟಿದ, ನಾನಿನ್ನೂ ಮುಖ ನೋಡದ ಮೊಮ್ಮಗುವಿನ ಹೆಸರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ನಾಲ್ಕು ವರ್ಷ ಅವಳು ಆ ಹೆಸರುಗಳನ್ನು ದಿನವೂ ಹೇಳುತ್ತಿದ್ದಳು, ನನಗೆ ಕೇಳಿಸದಂತೆ ಹೇಳುತ್ತಿದ್ದಳು.